ಬೇಸ್ ಕೇಳಿಸುತ್ತಿದೆಯಾ? ಕ್ಲಿಫ್ ಬರ್ಟನ್ ನೆನಪಿಗೆ

ದಪ್ಪತಂತಿ

ಇವತ್ತು ಸೆಪ್ಟೆಂಬರ್ 27. ಪ್ರತಿ ವರ್ಷ ಈ ದಿನ ರಾತ್ರಿ ಊಟ ಆದ ಮೇಲೆ ಒಬ್ಬನೇ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಈ ಸಲ ಜೊತೆಗೆ ನಾಲ್ಕು ಜನ ಇರಲಿ ಅನ್ನಿಸಿತು. ಅದಕ್ಕೇ ಫೋರಮ್ಮಿನಲ್ಲಿ ಈ ಚರ್ಚೆಯ ಎಳೆ.

1986ರಲ್ಲಿ ಇದೇ ದಿನ ಬೆಳಗಿನ ಜಾವ ಸ್ವೀಡನ್‌ನಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ ಬಸ್ಸು ಮಗುಚಿತು. ಬೇಸ್, ಅಂದರೆ ತಗ್ಗಿನ ಸ್ವರದ ದಪ್ಪ ತಂತಿಯ ಗಿಟಾರ್, ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡ. ವಯಸ್ಸು 24. ನನಗಾಗ ಎರಡು ವರ್ಷ. ಅಂದರೆ ನಾನು ಅವನನ್ನು ನೋಡಿಲ್ಲ, ಅವನು ಇದ್ದಾಗ ಅವನ ಹೆಸರು ಕೇಳುವ ವಯಸ್ಸೂ ನನ್ನದಲ್ಲ. ಆದರೂ ಇವತ್ತು ಮನೆಯಲ್ಲಿ ಏನೋ ತಿಥಿ ಇದ್ದ ಹಾಗೆ ಅನ್ನಿಸುತ್ತದೆ.

ನನ್ನ ಕಥೆ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ನನಗೆ ಸಿಕ್ಕಿದ್ದು ಕ್ಯಾಸೆಟ್ಟಿನ ಕಾಪಿ, ಅದರ ಕಾಪಿ, ಅದರದ್ದೂ ಕಾಪಿ. ಗಿಟಾರ್ ಜೇನುನೊಣದ ಹಾಗೆ ಗುಂಯ್ ಅನ್ನುತ್ತಿತ್ತು. ಡ್ರಮ್ಸ್ ಡಬ್ಬ ಬಡಿದ ಹಾಗಿತ್ತು. ಬೇಸ್ ಮಾತ್ರ ಇರಲೇ ಇಲ್ಲ. ಅದೂ ಸಾಲದು ಅಂತ ಕಾಪಿ ಮಾಡಿಕೊಟ್ಟ ಅಂಗಡಿಯವನ ಯಂತ್ರ ಸ್ವಲ್ಪ ಜಾಸ್ತಿ ವೇಗವಾಗಿ ಓಡುತ್ತಿತ್ತು. ಎರಡು ವರ್ಷ ಎಲ್ಲಾ ಹಾಡನ್ನೂ ಅರ್ಧ ಸ್ವರ ಮೇಲಿನ ಶ್ರುತಿಯಲ್ಲಿ ಕಲಿತೆ! ಕಾಲೇಜಿನಲ್ಲಿ ಮೊದಲ ಸಲ ತಂಡದ ಜೊತೆ ನುಡಿಸಲು ಕೂತಾಗ ಎಲ್ಲರೂ ನನ್ನ ಮುಖ ನೋಡಿದರು.

ಆಮೇಲೆ ಒಬ್ಬ ಗೆಳೆಯನ ಮನೆಯಲ್ಲಿ ಸಿ.ಡಿ. ಕೇಳಿದೆ. ಮೊದಲ ಆಲ್ಬಮ್, 1983ರದ್ದು, ‘ಕಿಲ್ ಎಮ್ ಆಲ್’. ನಡುವೆ ಒಂದು ದನಿ ‘ಬೇಸ್ ಸೋಲೋ, ಟೇಕ್ ಒನ್’ ಅನ್ನುತ್ತದೆ. ಆಮೇಲೆ ಶುರುವಾಗುವ ಸದ್ದು ಗಿಟಾರ್ ಅಂತಲೇ ಅಂದುಕೊಂಡೆ. ಗೆಳೆಯ ನಕ್ಕ. ‘ಅಲ್ಲ ಕಣೋ, ಅದು ಬೇಸು’ ಅಂದ. ಆ ವಾರವೇ ಇದ್ದ ಗಿಟಾರ್ ಮಾರಿ ಬೇಸ್ ತಗೊಂಡೆ. ಅಮ್ಮ ಕೇಳಿದರು, ಆರು ತಂತಿ ಕೊಟ್ಟು ನಾಲ್ಕು ತಂತಿ ತಂದಿದ್ದೀಯಲ್ಲೋ, ಲೆಕ್ಕ ಬರಲ್ವಾ ಅಂತ.

ನಿಮಗೆ ಅವನ ಬೇಸ್ ಮೊದಲು ಕೇಳಿಸಿದ್ದು ಯಾವಾಗ? ಬರೆಯಿರಿ. ಅಪಘಾತದ ವಿಷಯ ಕೆದಕುವುದು ಬೇಡ ಅಂತ ನನ್ನ ಆಸೆ. ಆದರೆ ನನ್ನ ಮಾತು ಯಾರೂ ಕೇಳಲ್ಲ ಅಂತಲೂ ಗೊತ್ತು.

ಅರಮನೆ_ಮೈದಾನ_2011

ನನ್ನ ಹೆಸರೇ ಉತ್ತರ. 2011ರ ಅಕ್ಟೋಬರ್ 30, ಬೆಂಗಳೂರಲ್ಲಿ ಮೆಟಾಲಿಕಾ. ಎರಡು ದಿನ ಮುಂಚೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಆಗಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು. ಇಲ್ಲೂ ರದ್ದಾದರೆ ಏನು ಗತಿ ಅಂತ ಎರಡು ರಾತ್ರಿ ನಿದ್ದೆ ಇಲ್ಲ. ಕೆಸರಲ್ಲಿ ನಿಂತಿದ್ದೆವು. ಎಡಗಾಲಿನ ಶೂ ಅಲ್ಲೇ ಹೋಯಿತು. ಇವತ್ತಿಗೂ ಅರಮನೆ ಮೈದಾನದ ಮಣ್ಣಿನಡಿ ಎಲ್ಲೋ ಇರಬೇಕು.

ಎರಡನೇ ಹಾಡು ‘ಫಾರ್ ಹೂಮ್ ದ ಬೆಲ್ ಟೋಲ್ಸ್’. ಮೊದಲು ಗಂಟೆ. ಆಮೇಲೆ ಆ ಬೇಸ್. ಪಕ್ಕದಲ್ಲಿದ್ದ ಹುಡುಗನಿಗೆ ಕಿವಿಯಲ್ಲಿ ಕೂಗಿ ಹೇಳಿದೆ, ‘ಇದು ಕ್ಲಿಫ್ ಮಾಡಿದ್ದು!’ ಅವನೂ ಕೂಗಿದ, ‘ಗೊತ್ತು!’ ಅವನ ಪರಿಚಯ ನನಗೆ ಇರಲಿಲ್ಲ. ಇಬ್ಬರೂ ತಬ್ಬಿಕೊಂಡೆವು. ಆಮೇಲೆ ಅವನು ಗುಂಪಲ್ಲಿ ಕಳೆದುಹೋದ. ನುಡಿಸುತ್ತಿದ್ದದ್ದು ತಂಡದ ಈಗಿನ ಬೇಸ್ ವಾದಕ ರಾಬರ್ಟ್ ಟ್ರುಹಿಯೋ. ಆದರೆ ಆ ಕ್ಷಣ ನಮಗೆ ಕೇಳಿಸಿದ್ದು ಬೇರೆಯವನ ಕೈ.

ಸುಮ್ನೆ_ಕೇಳೋನು

ಹಬ್ಬದ ಮನೆಯಲ್ಲಿ ಕೊಂಕು ತೆಗೆಯುತ್ತಿದ್ದೇನೆ, ಬೈಯಬೇಡಿ. ಚಿಕ್ಕ ವಯಸ್ಸಲ್ಲಿ ಸತ್ತವರೆಲ್ಲ ದೇವರಾಗುತ್ತಾರೆ. ಕ್ಲಿಫ್ ನುಡಿಸಿದ್ದು ಮೂರೇ ಆಲ್ಬಮ್. ತಂಡದಲ್ಲಿ ನಾಲ್ಕು ವರ್ಷವೂ ಪೂರ್ತಿ ಇರಲಿಲ್ಲ. ಬೇಸನ್ನು ಮುಂದೆ ತಂದವನು ಅವನೇ ಅಂತ ಎಲ್ಲರೂ ಬರೆಯುತ್ತಾರೆ. ಹಾಗಾದರೆ ಬ್ಲ್ಯಾಕ್ ಸಬಾತ್‌ನ ಗೀಜರ್ ಬಟ್ಲರ್ ಯಾರು? ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಯಾರು? ಹ್ಯಾರಿಸ್‌ನನ್ನಂತೂ 2007ರ ಮಾರ್ಚ್‌ನಲ್ಲಿ ನಮ್ಮ ಅರಮನೆ ಮೈದಾನದಲ್ಲೇ ಕಣ್ಣಾರೆ ನೋಡಿದ್ದೇವೆ. ಸತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಅವನ ಹೆಸರಲ್ಲಿ ಯಾರೂ ದೀಪ ಹಚ್ಚುವುದಿಲ್ಲ. ಅದು ಅನ್ಯಾಯ ಅಲ್ವಾ?

ದಪ್ಪತಂತಿ

ಬೈಯಲ್ಲ. ಕ್ಲಿಫ್ ಇದ್ದಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ. ಬಟ್ಲರ್, ರಷ್ ತಂಡದ ಗೆಡ್ಡಿ ಲೀ, ಥಿನ್ ಲಿಜ್ಜಿಯ ಫಿಲ್ ಲೈನಟ್ ಇವರನ್ನೆಲ್ಲ ಅವನೇ ಹೊಗಳುತ್ತಿದ್ದ. ಬೇಸನ್ನು ಕಂಡುಹಿಡಿದವನು ಅವನು ಅಂತ ಯಾರು ಹೇಳಿದರು?

ನನ್ನ ಲೆಕ್ಕ ಬೇರೆ. ಥ್ರಾಶ್ ಮೆಟಲ್ ಅನ್ನುವುದು ಆಗ ಹುಟ್ಟುತ್ತಿತ್ತು. ಎಲ್ಲರದ್ದೂ ಒಂದೇ ಗುರಿ, ವೇಗ. ಇನ್ನೂ ವೇಗ. ಆ ಗಾಡಿಯೊಳಗೆ ಕೂತು ‘ಸ್ವಲ್ಪ ನಿಧಾನ, ಕಿಟಕಿಯಾಚೆ ನೋಡಿ’ ಅಂದವನು ಇವನು. ಪಿಯಾನೋ ಕಲಿತಿದ್ದ. ಜರ್ಮನಿಯ ಶಾಸ್ತ್ರೀಯ ಸಂಗೀತಗಾರ ಬಾಕ್‌ನನ್ನು ಕೇಳುತ್ತಿದ್ದ. ಒಂದು ಸ್ವರದ ಮೇಲೆ ಇನ್ನೊಂದನ್ನು ಹೇಗೆ ಕೂರಿಸಬೇಕು, ಎರಡು ಗಿಟಾರ್ ಜೋಡಿಯಾಗಿ ಹೇಗೆ ಹಾಡಬೇಕು ಅನ್ನುವುದನ್ನು ತನಗೆ ಕಲಿಸಿದ್ದೇ ಕ್ಲಿಫ್ ಅಂತ ಮೆಟಾಲಿಕಾದ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಎಷ್ಟೋ ಸಲ ಹೇಳಿದ್ದಾನೆ. ಮೊದಲ ಆಲ್ಬಮ್ ಕೇಳಿ. ಆಮೇಲೆ 1984ರ ‘ರೈಡ್ ದ ಲೈಟ್ನಿಂಗ್’ ಕೇಳಿ. ಒಂದೇ ವರ್ಷದ ಅಂತರ. ಅದೇ ಹುಡುಗರು. ಆದರೆ ಎರಡನೆಯದು ಓದು ಬರಹ ಕಲಿತು ಬಂದವರ ಸಂಗೀತದ ಹಾಗಿದೆ. ಆ ಒಂದು ವರ್ಷದಲ್ಲಿ ಮನೆಗೆ ಮೇಷ್ಟ್ರು ಬಂದಿದ್ದರು, ಅಷ್ಟೇ.

ವೀಣೆ_ಇರುವ_ಮನೆ

ನಾನು ಈ ಕಡೆ ಹೊಸಬಳು. ಹತ್ತು ವರ್ಷ ವೀಣೆ ಕಲಿತವಳು. ಮಗ ಬೇಸ್ ನುಡಿಸುತ್ತಾನೆ, ಅವನ ಕೋಣೆಯ ಗೋಡೆ ಕಂಪಿಸಿದಾಗೆಲ್ಲ ನನ್ನ ವೀಣೆಯ ತಂತಿಗಳೂ ತಾವಾಗಿಯೇ ಝೇಂ ಅನ್ನುತ್ತವೆ. ಹಾಗಾಗಿ ಕ್ಲಿಫ್ ಪರಿಚಯ ನನಗೆ ಗೋಡೆಯ ಮೂಲಕ.

ಒಂದು ದಿನ ಒಳಗೆ ಹೋಗಿ ಏನದು ಅಂತ ಕೇಳಿದೆ. ಮೇಲೆ ಬರೆದಿರುವ ಅದೇ ಗಂಟೆಯ ಹಾಡು. ಶುರುವಿನಲ್ಲಿ ಬೇಸ್ ಪಕ್ಕಪಕ್ಕದ ಸ್ವರಗಳ ಮೇಲೆ ಕಾಲಿಟ್ಟು ಒಂದೊಂದೇ ಮೆಟ್ಟು ಇಳಿಯುತ್ತದೆ. ನನಗೆ ಮೈ ಜುಮ್ ಅಂದಿತು. ನಮ್ಮ ಕರ್ನಾಟಕ ಸಂಗೀತದ 72 ಮೇಳಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, 40 ವಿವಾದಿ ಮೇಳಗಳು. ಅಲ್ಲಿ ಹೀಗೆ ಪಕ್ಕಪಕ್ಕದ ಸ್ವರ ಬರುತ್ತವೆ. ಅದಕ್ಕೇ ಹಳಬರು ಅವುಗಳನ್ನು ಮುಟ್ಟಲು ಹಿಂದೆ ಮುಂದೆ ನೋಡುತ್ತಿದ್ದರು. ಆದರೂ ಹೀಗೆ ಸಾಲಾಗಿ ಜಾರುತ್ತಾ ಹೋಗುವುದು ಯಾವ ರಾಗದ ಲೆಕ್ಕಕ್ಕೂ ಸಿಗಲ್ಲ. ಬಾವಿಯೊಳಗೆ ಕೊಡ ಇಳಿದ ಹಾಗೆ ಅನ್ನಿಸಿತು.

ಮಗ ‘ಓರಾಯನ್’ ಕೇಳಿಸಿದ. ಎಂಟೂವರೆ ನಿಮಿಷ, ಸಾಹಿತ್ಯವೇ ಇಲ್ಲ. ಅದು ನನಗೆ ಅನುಕೂಲವೇ ಆಯಿತು, ಕಿರುಚಾಟ ಕೇಳಬೇಕಾಗಲಿಲ್ಲ. ನಾಲ್ಕನೇ ನಿಮಿಷದ ಹೊತ್ತಿಗೆ ಎಲ್ಲಾ ನಿಂತು ಬೇಸ್ ಒಂದೇ ಉಳಿಯುತ್ತದೆ. ಆಮೇಲೆ ಅದರ ಮೇಲೆ ಒಂದು ಗಿಟಾರ್, ಅದರ ಮೇಲೆ ಇನ್ನೊಂದು. ನಮ್ಮಲ್ಲಿ ಇದು ಇಲ್ಲ. ನಮ್ಮದು ಒಂದೇ ದಾರಿಯಲ್ಲಿ ತುಂಬಾ ದೂರ ಹೋಗುವ ಸಂಗೀತ. ಇದು ಒಂದೇ ಹೊತ್ತಿಗೆ ಮೂರು ದಾರಿಯಲ್ಲಿ ನಡೆಯುತ್ತದೆ, ಆದರೂ ಯಾರೂ ಯಾರಿಗೂ ಡಿಕ್ಕಿ ಹೊಡೆಯಲ್ಲ. ಕಛೇರಿಯಲ್ಲಿ ಮೃದಂಗದವರು ತನಿ ಶುರು ಮಾಡಿದಾಗ ಎಷ್ಟು ಜನ ಎದ್ದು ಕಾಫಿಗೆ ಹೋಗುತ್ತಾರೆ ನೋಡಿದ್ದೀರಲ್ಲ. ಇಲ್ಲಿ ಪಕ್ಕವಾದ್ಯದವನು ಶುರು ಮಾಡಿದರೆ ಯಾರೂ ಎದ್ದು ಹೋಗಲ್ಲ ಅಂತ ಮಗ ಹೇಳಿದ. ಅದೊಂದು ಮಾತಿಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ದಪ್ಪತಂತಿ

ಬಾವಿಯೊಳಗೆ ಕೊಡ! ಇಪ್ಪತ್ತು ವರ್ಷದಿಂದ ಆ ಸದ್ದಿಗೆ ಮಾತು ಹುಡುಕುತ್ತಿದ್ದೆ. ಅಮ್ಮಾ, ನಿಮ್ಮ ಮಗನಿಗೆ ನಮಸ್ಕಾರ ಹೇಳಿ. ಓರಾಯನ್‌ನ ಆ ನಡುವಿನ ಭಾಗ ಪೂರ್ತಿ ಕ್ಲಿಫ್ ಕಟ್ಟಿದ್ದು. ಇನ್ನೂ ಒಂದು ಗುಟ್ಟು. ಆರೂವರೆ ನಿಮಿಷದ ಹೊತ್ತಿಗೆ ಒಂದು ಸೋಲೋ ಬರುತ್ತದೆ. ಗಿಟಾರ್ ಅಂತ ಅನ್ನಿಸುತ್ತದೆ. ಅದೂ ಬೇಸು. ಮಗನನ್ನು ಕೇಳಿ ನೋಡಿ, ಅವನಿಗೆ ಗೊತ್ತಿದೆಯಾ ಅಂತ.

ವೀಣೆ_ಇರುವ_ಮನೆ

ಕೇಳಿದೆ. ಗೊತ್ತಿರಲಿಲ್ಲ. ಈಗ ಬಾಗಿಲು ಹಾಕಿಕೊಂಡು ಅದನ್ನೇ ಹತ್ತನೇ ಸಲ ಕೇಳುತ್ತಿದ್ದಾನೆ. ಊಟಕ್ಕೆ ಕರೆದರೂ ಬರುತ್ತಿಲ್ಲ. ತಪ್ಪು ನಿಮ್ಮದು.

ಪೆಡಲ್_ಪಾಪಣ್ಣ

ಸಲಕರಣೆ ಬಗ್ಗೆ ಯಾರೂ ಮಾತೇ ಆಡಿಲ್ಲ, ಹಾಗಾಗಿ ನಾನು. ರಿಕನ್‌ಬ್ಯಾಕರ್ 4001, ತಂತಿಯ ಸದ್ದು ಹಿಡಿಯುವ ಒಳಗಿನ ಪಿಕಪ್‌ಗಳನ್ನು ಬದಲಾಯಿಸಿದ ಬೇಸ್. ಸದ್ದನ್ನು ‘ವಾ ವಾ’ ಅನ್ನಿಸುವ ಮಾರ್ಲಿ ಕಂಪನಿಯ ವಾ ಪೆಡಲ್, ಸದ್ದನ್ನು ಒರಟು ಮಾಡುವ ಬಿಗ್ ಮಫ್ ಡಿಸ್ಟಾರ್ಷನ್. ಕೊನೆಯ ವರ್ಷಗಳಲ್ಲಿ ಆರಿಯಾ ಕಂಪನಿಯ ಬೇಸ್. ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಇಲ್ಲ, ಬರೀ ಬೆರಳು. ಆ ವೇಗಕ್ಕೆ ಬರೀ ಬೆರಳಲ್ಲಿ ಮೀಟುವುದು ಅಂದರೆ ಏನು ಅಂತ ತಿಳಿಯಬೇಕಾದರೆ ‘ಬ್ಯಾಟರಿ’ ಹಾಡನ್ನು ಒಮ್ಮೆ ಪ್ರಯತ್ನಿಸಿ. ಎರಡು ನಿಮಿಷಕ್ಕೆ ಮೊಣಕೈವರೆಗೆ ಜೋಮು ಹಿಡಿಯುತ್ತದೆ.

ವಾ ಪೆಡಲ್ ಗಿಟಾರಿನವರ ಆಸ್ತಿ ಆಗಿತ್ತು. ಬೇಸಿಗೆ ಹಾಕಿದರೆ ಕೆಳಗಿನ ಸದ್ದು ತೆಳ್ಳಗಾಗುತ್ತದೆ, ಹಾಗಾಗಿ ಹೆಚ್ಚು ಜನ ಹಾಕುತ್ತಿರಲಿಲ್ಲ. ಇವನು ಹಾಕಿದ. 1982ರಲ್ಲಿ ಹೆಟ್‌ಫೀಲ್ಡ್ ಮತ್ತು ಡ್ರಮ್ಮರ್ ಲಾರ್ಸ್ ಉಲ್ರಿಕ್ ಲಾಸ್ ಏಂಜಲೀಸ್‌ನ ವಿಸ್ಕಿ ಎ ಗೋ ಗೋ ಕ್ಲಬ್ಬಿಗೆ ಹೋಗಿದ್ದರು. ಟ್ರಾಮಾ ಅನ್ನೋ ತಂಡ ನುಡಿಸುತ್ತಿತ್ತು. ಒಳ್ಳೇ ಗಿಟಾರ್ ಸೋಲೋ ಬರುತ್ತಿದೆ, ಆದರೆ ವೇದಿಕೆ ಮೇಲೆ ಯಾವ ಗಿಟಾರ್‌ನವನೂ ಅದನ್ನು ನುಡಿಸುತ್ತಿಲ್ಲ! ನೋಡಿದರೆ ಉದ್ದ ಕೂದಲು, ಬೆಲ್‌ಬಾಟಮ್ ಪ್ಯಾಂಟಿನ ಒಬ್ಬ ತಲೆ ಬೀಸುತ್ತಾ ಬೇಸ್ ಮೀಟುತ್ತಿದ್ದಾನೆ. ಅವತ್ತೇ ಅವನ ಹಿಂದೆ ಬಿದ್ದರು. ಅವನು ಇಟ್ಟ ಷರತ್ತು ಗೊತ್ತಲ್ಲ? ನಾನು ನಿಮ್ಮ ಊರಿಗೆ ಬರಲ್ಲ, ಬೇಕಾದರೆ ನೀವೇ ನಮ್ಮೂರ ಕಡೆ ಬನ್ನಿ. ಬಂದರು! ಇಡೀ ತಂಡ ಗಂಟುಮೂಟೆ ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಮನೆ ಬದಲಾಯಿಸಿತು. ಅಳಿಯನನ್ನು ಮನೆಗೆ ಕರೆದುಕೊಳ್ಳಲು ಹೋಗಿ ಬೀಗರೇ ಅಳಿಯನ ಊರಿಗೆ ಬಂದ ಹಾಗೆ.

ಸುಮ್ನೆ_ಕೇಳೋನು

ಬೆಲ್‌ಬಾಟಮ್ ಅಂದರೆ ನೆನಪಾಯಿತು. 80ರ ದಶಕದಲ್ಲಿ ಬೆಲ್‌ಬಾಟಮ್ ಹಾಕಿಕೊಂಡು ಮೆಟಲ್ ವೇದಿಕೆ ಹತ್ತುವುದಕ್ಕೆ ನಿಜಕ್ಕೂ ಧೈರ್ಯ ಬೇಕು. ಅದನ್ನು ಒಪ್ಪುತ್ತೇನೆ. ಬೇಸಿನ ವಿಷಯ ಇನ್ನೂ ಯೋಚನೆ ಮಾಡುತ್ತಿದ್ದೇನೆ.

ಫ್ರೀಮಾಂಟ್_ಕನ್ನಡತಿ

ನಾನು ಇರುವ ಊರಿನಿಂದ ಕ್ಲಿಫ್ ಹುಟ್ಟಿ ಬೆಳೆದ ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೋ ವ್ಯಾಲಿ ಹತ್ತಿರವೇ. ಇಲ್ಲಿನ ಕನ್ನಡದವರು ಎಷ್ಟೋ ಜನ ದಿನಾ ಆ ಕಡೆ ಓಡಾಡುತ್ತಾರೆ. ನಾನೂ ಒಂಬತ್ತು ವರ್ಷ ಆ ಊರಿನ ಹೆಸರಿನ ಬೋರ್ಡ್ ನೋಡಿಕೊಂಡು ಕೆಲಸಕ್ಕೆ ಹೋಗಿದ್ದೇನೆ, ಗೊತ್ತೇ ಇರಲಿಲ್ಲ. ಶಾಂತವಾದ ಊರು. ಗುಡ್ಡ, ಒಣಹುಲ್ಲು, ಸಾಲು ಮನೆಗಳು. ಇಂಥ ಸದ್ದು ಇಲ್ಲಿಂದ ಹೊರಟಿತಾ ಅನ್ನಿಸುತ್ತದೆ.

1962ರ ಫೆಬ್ರವರಿ 10ಕ್ಕೆ ಹುಟ್ಟಿದ್ದು. ಅಪ್ಪ ರೇ, ಅಮ್ಮ ಜಾನ್. ಅಣ್ಣ ಸ್ಕಾಟ್ ಹದಿನಾರನೇ ವಯಸ್ಸಿಗೆ ತೀರಿಕೊಂಡ, 1975ರಲ್ಲಿ. ಕ್ಲಿಫ್‌ಗೆ ಆಗ ಹದಿಮೂರು. ಅಣ್ಣನಿಗೋಸ್ಕರ ಒಳ್ಳೇ ಬೇಸ್ ವಾದಕ ಆಗುತ್ತೇನೆ ಅಂತ ಹೇಳಿದನಂತೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಅಭ್ಯಾಸ. ಮೆಟಾಲಿಕಾ ಸೇರಿದ ಮೇಲೂ ಅದನ್ನು ಬಿಡಲಿಲ್ಲ ಅಂತ ಅಪ್ಪ ಅಮ್ಮ ಇಬ್ಬರೂ ಹೇಳಿದ್ದಾರೆ.

ನನಗೆ ಈ ಕಥೆಯಲ್ಲಿ ತುಂಬಾ ಹತ್ತಿರದವರು ರೇ ಬರ್ಟನ್. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಮನುಷ್ಯ. ಮಗನ ಅಭಿಮಾನಿಗಳು ಸಿಕ್ಕರೆ ಮುಖ ತಿರುಗಿಸಿ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಮೆಟಾಲಿಕಾ ಕಾರ್ಯಕ್ರಮಗಳಿಗೆ ಬರುತ್ತಿದ್ದರು, ಹುಡುಗರ ಜೊತೆ ನಿಂತು ಮಾತಾಡುತ್ತಿದ್ದರು. 2009ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಮಗನ ಪರವಾಗಿ ವೇದಿಕೆ ಹತ್ತಿದ್ದು ಅವರೇ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹಾಡುಗಳಿಂದ ಮಗನ ಪಾಲಿಗೆ ಬರುತ್ತಿದ್ದ ರಾಯಲ್ಟಿ ಹಣವನ್ನು ಅವನು ಓದಿದ ಕ್ಯಾಸ್ಟ್ರೋ ವ್ಯಾಲಿ ಹೈಸ್ಕೂಲಿನಲ್ಲಿ ಸಂಗೀತ ಕಲಿಯುವ ಮಕ್ಕಳಿಗೆ ವಿದ್ಯಾರ್ಥಿವೇತನವಾಗಿ ಕೊಡುತ್ತಿದ್ದರು. ಕ್ಲಿಫ್ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದ ಅನ್ನುವುದು ಅವರ ಲೆಕ್ಕ. ಅವನ ಬೇಸ್ ಸೋಲೋ ಇಷ್ಟಪಡದ ಯಾವುದೋ ಹುಡುಗಿಯೂ ಆ ದುಡ್ಡಿನಲ್ಲಿ ಕೊಳಲು ಕಲಿತಿರಬಹುದು! 2020ರ ಜನವರಿಯಲ್ಲಿ ರೇ ಹೋದರು. 94 ವರ್ಷ.

ಇಲ್ಲಿನ ಅಲಮೀಡಾ ಕೌಂಟಿಯವರು 2018ರಲ್ಲಿ ಫೆಬ್ರವರಿ 10ನ್ನು ಕ್ಲಿಫ್ ಬರ್ಟನ್ ದಿನ ಅಂತ ಘೋಷಿಸಿದರು. ಹಾಗಾಗಿ ನಾನು ಸೆಪ್ಟೆಂಬರ್‌ಗಿಂತ ಫೆಬ್ರವರಿಯಲ್ಲೇ ಕೇಳುತ್ತೇನೆ. ಹುಟ್ಟಿದ ದಿನ ಇರುವಾಗ ಸತ್ತ ದಿನ ಯಾಕೆ?

ದಪ್ಪತಂತಿ

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಕಡೆ ಹೋದವರನ್ನು ಹೋದ ದಿನವೇ ಕರೆದು ಊಟ ಹಾಕುವ ಅಭ್ಯಾಸ, ಅದೇ ಇರಬೇಕು. ಫೆಬ್ರವರಿಯಲ್ಲೂ ಒಂದು ಎಳೆ ತೆರೆಯೋಣ ಬಿಡಿ.

ದಾವಣಗೆರೆ_ಡಬಲ್‌ಬೇಸ್

(ನಾನು ಡ್ರಮ್ಮರ್. ಹೆಸರು ನೋಡಿ ಮೋಸ ಹೋಗಬೇಡಿ, ಅದು ಡ್ರಮ್ಸಿನ ಡಬಲ್ ಬೇಸ್ ಪೆಡಲ್.)

ಜೇಸನ್ ನ್ಯೂಸ್ಟೆಡ್ ಬಗ್ಗೆ ಯಾರೂ ಬರೆದಿಲ್ಲ. ಪ್ರತಿ ವರ್ಷ ಇದೇ ಕಥೆ. ಕ್ಲಿಫ್ ಹೋದ ಒಂದೇ ತಿಂಗಳಲ್ಲಿ ಆ ಜಾಗಕ್ಕೆ ಬಂದವನು ಅವನು. ಅಭಿಮಾನಿಯಾಗಿದ್ದವನು. ಬಂದ ಮೇಲೆ ಏನಾಯಿತು? ಮಿಕ್ಕ ಮೂವರ ದುಃಖ, ಸಿಟ್ಟು ಎಲ್ಲಾ ಅವನ ತಲೆ ಮೇಲೆ ಬಿತ್ತು. ತಮಾಷೆ ಅಂತ ಶುರುವಾದದ್ದು ಕಾಟ ಆಯಿತು. ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ ಹಾಕಿ ಬೇಸ್ ಹುಡುಕಿ ನೋಡಿ. ಸಿಕ್ಕರೆ ನನಗೂ ಹೇಳಿ. ನಿನ್ನನ್ನು ಒಳಗೆ ಕರೆದಿದ್ದೇವೆ, ಆದರೆ ನೀನು ಕೇಳಿಸಬಾರದು ಅಂದ ಹಾಗಿದೆ.

ಆ ಮನುಷ್ಯ 14 ವರ್ಷ ಅಲ್ಲಿದ್ದ. ಪ್ರತಿ ರಾತ್ರಿ ಕ್ಲಿಫ್‌ನ ಸಾಲುಗಳನ್ನು ಮರ್ಯಾದೆಯಿಂದ ನುಡಿಸಿದ. ಮೇಲೆ ಶೀರ್ಷಿಕೆಯಲ್ಲಿ ಬೇಸ್ ಕೇಳಿಸುತ್ತಿದೆಯಾ ಅಂತ ಕೇಳಿದ್ದೀರಿ. ಆ ಪ್ರಶ್ನೆ ಅವನ ಬಗ್ಗೆಯೂ ಕೇಳಿ.

ಪೆಡಲ್_ಪಾಪಣ್ಣ

ನೂರಕ್ಕೆ ನೂರು. ಅದೇ ಆಲ್ಬಮ್ಮಿನಲ್ಲಿ ‘ಟು ಲಿವ್ ಈಸ್ ಟು ಡೈ’ ಇದೆ. ಕ್ಲಿಫ್ ಬಿಟ್ಟು ಹೋದ ತುಣುಕುಗಳಿಂದ ಕಟ್ಟಿದ್ದು. ಹೆಚ್ಚು ಕಡಿಮೆ ಹತ್ತು ನಿಮಿಷ, ಮಾತು ನಾಲ್ಕೇ ಸಾಲು. ಕ್ಲಿಫ್‌ಗೆ ಕಟ್ಟಿದ ಗುಡಿಯಲ್ಲೇ ಬೇಸ್ ಸರಿಯಾಗಿ ಕೇಳಿಸಲ್ಲ ಅನ್ನುವುದು ಎಂಥ ವಿಚಿತ್ರ!

ಸುಮ್ನೆ_ಕೇಳೋನು

ಸರಿ, ಮತ್ತೆ ಕೊಂಕು. ಕ್ಲಿಫ್ ಬದುಕಿದ್ದರೆ ತಂಡ 1991ರ ಕಪ್ಪು ಆಲ್ಬಮ್ ಮಾಡುತ್ತಲೇ ಇರಲಿಲ್ಲ, ಕೂದಲು ಕತ್ತರಿಸುತ್ತಿರಲಿಲ್ಲ, ಬಾಲಿವುಡ್ ಹುಡುಗರೂ ಆ ಟಿ-ಶರ್ಟ್ ಹಾಕುವ ಗತಿ ಬರುತ್ತಿರಲಿಲ್ಲ ಅಂತೆಲ್ಲ ಹೇಳುವವರು ಎಲ್ಲಿ? ಈ ಸಲ ಯಾಕೋ ಇನ್ನೂ ಬಂದಿಲ್ಲ.

ಅರಮನೆ_ಮೈದಾನ_2011

ನಾನು ಹಿಂದೆ ಅದನ್ನು ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅವನು ಲಿನರ್ಡ್ ಸ್ಕಿನರ್ಡ್ ಕೇಳುತ್ತಿದ್ದ, ಮಿಸ್‌ಫಿಟ್ಸ್ ತಂಡದ ಟಿ-ಶರ್ಟ್ ಹಾಕುತ್ತಿದ್ದ, ಬಾಕ್ ಕೇಳುತ್ತಿದ್ದ, ಸೈಮನ್ ಅಂಡ್ ಗಾರ್ಫಂಕಲ್ ಕೂಡ ಕೇಳುತ್ತಿದ್ದ. ಇಂಥವನು ಮುಂದೆ ಏನು ಮಾಡುತ್ತಿದ್ದ ಅಂತ ನನಗಾಗಲಿ ನಿಮಗಾಗಲಿ ಹೇಗೆ ಗೊತ್ತು? ಎಲ್ಲರಿಗಿಂತ ಮೊದಲು ಅವನೇ ನಿಧಾನದ ಹಾಡು ಮಾಡೋಣ ಅನ್ನುತ್ತಿದ್ದನೋ ಏನೋ.

ಮಾಲ್ಮೋ_ಮಲೆನಾಡು

ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಅಪಘಾತ ಕೆದಕಬೇಡಿ ಅಂತ ಮೊದಲೇ ಹೇಳಿದ್ದಾರೆ, ಆದರೂ ನಾನು ಆ ಜಾಗಕ್ಕೆ ಹೋಗಿ ಬಂದಿದ್ದೇನೆ. ಜಾಗದ ಬಗ್ಗೆ ಬರೆಯಬಹುದಾ?

ದಪ್ಪತಂತಿ

ದಯವಿಟ್ಟು ಬರೆಯಿರಿ. ಜಾಗದ ಬಗ್ಗೆ ಬೇಕು.

ಮಾಲ್ಮೋ_ಮಲೆನಾಡು

ಮೂಲ ತೀರ್ಥಹಳ್ಳಿ ಕಡೆ, ಈಗ ಸ್ವೀಡನ್‌ನ ಮಾಲ್ಮೋದಲ್ಲಿ ಕೆಲಸ. ಎರಡು ವರ್ಷದ ಹಿಂದೆ ಬಾಡಿಗೆ ಕಾರು ತಗೊಂಡು ಒಬ್ಬನೇ ಹೊರಟೆ. ಉತ್ತರಕ್ಕೆ ಎರಡು ಗಂಟೆಯ ದಾರಿ. ಲ್ಯುಂಗ್ಬಿ ಅನ್ನೋ ಊರು ದಾಟಿದ ಮೇಲೆ ಡೋರಾರ್ಪ್ ಅಂತ ಸಣ್ಣ ಹಳ್ಳಿ. ಎರಡೂ ಕಡೆ ಕಾಡು. ಮಲೆನಾಡಿನ ಕಾಡಲ್ಲ, ಎಲ್ಲಾ ಒಂದೇ ಎತ್ತರದ ಸೂಚಿಪರ್ಣಿ ಮರಗಳು, ಮೌನವಾಗಿ ನಿಂತಿರುತ್ತವೆ. ಹಕ್ಕಿ ದನಿಯೂ ಕಡಿಮೆ.

1986ರ ಸೆಪ್ಟೆಂಬರ್ 26ರ ರಾತ್ರಿ ಸ್ಟಾಕ್‌ಹೋಮ್‌ನ ಸೋಲ್ನಾಹಾಲೆನ್‌ನಲ್ಲಿ ನುಡಿಸಿ ಕೋಪನ್‌ಹೇಗನ್ ಕಡೆ ಹೊರಟಿದ್ದರು. ಬಸ್ಸಿನ ಯಾವ ಮಂಚ ಯಾರಿಗೆ ಅಂತ ಇಸ್ಪೀಟು ಎಲೆ ಎತ್ತಿದ್ದು, ಕ್ಲಿಫ್‌ಗೆ ಇಸ್ಪೀಟಿನ ಎಕ್ಕ ಬಂದದ್ದು, ಗಿಟಾರ್ ನುಡಿಸುವ ಕರ್ಕ್ ಹ್ಯಾಮೆಟ್ ಮಲಗುತ್ತಿದ್ದ ಜಾಗವನ್ನು ಅವನು ತಗೊಂಡದ್ದು, ಇದನ್ನೆಲ್ಲ ಹ್ಯಾಮೆಟ್ ಎಷ್ಟೋ ಸಲ ಹೇಳಿದ್ದಾನೆ. ರಸ್ತೆ ಮೇಲೆ ಮಂಜುಗಡ್ಡೆ ಇತ್ತು ಅಂತ ಚಾಲಕ ಹೇಳಿದ. ಹೆಟ್‌ಫೀಲ್ಡ್ ಚಳಿಯಲ್ಲಿ ಸಾಕ್ಸ್ ಮೇಲೇ ರಸ್ತೆಯುದ್ದಕ್ಕೂ ನಡೆದು ಹುಡುಕಿದ. ಅವನಿಗೆ ಮಂಜುಗಡ್ಡೆ ಸಿಗಲಿಲ್ಲ. ಚಾಲಕನ ಮೇಲೆ ಯಾವ ಆರೋಪವೂ ನಿಲ್ಲಲಿಲ್ಲ. ಇಷ್ಟು ಸಾಕು.

ಸ್ಮಾರಕ ಇರುವುದು ಗಿಲ್ಲೆನೆ ರಾಸ್ಟೆನ್ ಅನ್ನೋ ದಾರಿಬದಿ ತಂಗುದಾಣದ ಹತ್ತಿರ. 2006ರ ಅಕ್ಟೋಬರ್‌ನಲ್ಲಿ ಇಟ್ಟದ್ದು. ಅಭಿಮಾನಿಗಳೇ ಓಡಾಡಿ ಮಾಡಿಸಿದ್ದು. ದೊಡ್ಡದೇನಲ್ಲ, ಎದ್ದು ನಿಂತ ಒಂದು ಕಲ್ಲು. ಅವನ ಹೆಸರು, ಆಮೇಲೆ ಪಾಪಣ್ಣ ಹೇಳಿದ ಹಾಡಿನ ಕೊನೇ ಸಾಲು. ನಮ್ಮೂರ ದಾರಿಗಳಲ್ಲಿ ವೀರಗಲ್ಲು ಇರುತ್ತದಲ್ಲ, ದೂರದಿಂದ ಥೇಟ್ ಹಾಗೇ ಕಂಡಿತು. ನಮ್ಮೂರ ವೀರಗಲ್ಲಿನ ಮುಂದೆ ಯಾರೋ ಒಂದು ಹೂವು ಇಟ್ಟು ಹೋಗಿರುತ್ತಾರೆ, ಯಾರು ಅಂತ ಗೊತ್ತಿರುವುದಿಲ್ಲ. ಇಲ್ಲೂ ಹಾಗೆ. ಗಿಟಾರ್ ಪಿಕ್‌ಗಳು, ಬತ್ತಿದ ಹೂವು, ಕೈಗೆ ಕಟ್ಟುವ ಬ್ಯಾಂಡ್, ಖಾಲಿ ಬಿಯರ್ ಕ್ಯಾನ್, ಯಾವುದೋ ಭಾಷೆಯ ಚೀಟಿ.

ಅರ್ಧ ಗಂಟೆ ನಿಂತೆ. ಒಂದು ಲಾರಿ ಬಂದು ನಿಂತಿತು. ಚಾಲಕ ಇಳಿದು ಬಂದ, ಅರವತ್ತು ದಾಟಿದ ಮನುಷ್ಯ. ಕಲ್ಲು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿ ಮೆಟಲ್ ಅಭಿಮಾನಿಗಳ ಕೊಂಬಿನ ಗುರುತು ಮಾಡಿದ, ಹೋದ. ಮಾತಿಲ್ಲ. ಸ್ವೀಡನ್‌ನಲ್ಲಿ ಅದು ತುಂಬಾ ಜಾಸ್ತಿ ಮಾತಾಡಿದ ಹಾಗೆ.

2022ರಲ್ಲಿ ಲ್ಯುಂಗ್ಬಿಯಲ್ಲಿ ಅವನ ಹೆಸರಿನ ಒಂದು ಸಣ್ಣ ಮ್ಯೂಸಿಯಂ ಕೂಡ ಆಗಿದೆ. ಅವತ್ತು ನಾನು ಹೋದ ಹೊತ್ತಿಗೆ ಬಾಗಿಲು ಹಾಕಿತ್ತು. ಮೊದಲೇ ವಿಚಾರಿಸಿಕೊಂಡು ಹೋಗದಿದ್ದದ್ದು ನನ್ನದೇ ದಡ್ಡತನ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇನೆ.

ಫ್ರೀಮಾಂಟ್_ಕನ್ನಡತಿ

ವೀರಗಲ್ಲು ಅಂದದ್ದು ಓದಿ ಕಣ್ಣು ತುಂಬಿತು. ಅವನಿಗೆ ಗೋರಿ ಇಲ್ಲ, ಗೊತ್ತಲ್ಲ? ದಹನ ಮಾಡಿ ಬೂದಿಯನ್ನು ಅವನಿಗೆ ಇಷ್ಟವಾಗಿದ್ದ ಮ್ಯಾಕ್ಸ್‌ವೆಲ್ ರಾಂಚ್‌ನಲ್ಲಿ ಹರಡಿದರು. ಅಂತ್ಯಕ್ರಿಯೆಯಲ್ಲಿ ಓರಾಯನ್ ಹಾಕಿದ್ದರು. ಹಾಗಾಗಿ ನಿಂತು ನೋಡಲು ಇರುವುದು ಆ ದೂರದೇಶದ ಕಲ್ಲೊಂದೇ.

ದಾವಣಗೆರೆ_ಡಬಲ್‌ಬೇಸ್

ಓರಾಯನ್ ಪೂರ್ತಿಯಾಗಿ ವೇದಿಕೆ ಮೇಲೆ ಬಂದದ್ದು ಯಾವಾಗ ಗೊತ್ತಾ? 2006ರ ಜೂನ್, ಜರ್ಮನಿಯ ರಾಕ್ ಆಮ್ ರಿಂಗ್. ಆಲ್ಬಮ್ ಬಂದು ಇಪ್ಪತ್ತು ವರ್ಷ ಆದ ಮೇಲೆ! ಅಲ್ಲಿಯವರೆಗೆ ತುಣುಕು ತುಣುಕು ಮಾತ್ರ ನುಡಿಸುತ್ತಿದ್ದರು. ಕ್ಲಿಫ್ ಇಲ್ಲದೆ ಅದನ್ನು ಪೂರ್ತಿ ನುಡಿಸಲು ಅವರಿಗೆ ಮನಸ್ಸು ಬರಲಿಲ್ಲ ಅಂತ ನಾನು ಅಂದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಿ.

ಇನ್ನೊಂದು. 2019ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿ ಜೊತೆ ಕಾರ್ಯಕ್ರಮ ಮಾಡಿದರಲ್ಲ, ಅಲ್ಲಿ ಸಿಂಫನಿಯ ಮುಖ್ಯ ಬೇಸ್ ವಾದಕ ಸ್ಕಾಟ್ ಪಿಂಗೆಲ್ ಒಬ್ಬನೇ ಎದ್ದು ನಿಂತು ಕ್ಲಿಫ್‌ನ ಆ ಮೊದಲ ಸೋಲೋ ನುಡಿಸಿದ. ಎತ್ತರದ ಎಲೆಕ್ಟ್ರಿಕ್ ಬೇಸು, ಕಮಾನು, ಡಿಸ್ಟಾರ್ಷನ್. ದಯವಿಟ್ಟು ವೀಣೆ ಅಮ್ಮನವರು ಅದನ್ನು ನೋಡಲೇಬೇಕು. ಶಾಸ್ತ್ರೀಯದವರು ಎದ್ದು ಕಾಫಿಗೆ ಹೋಗಲಿಲ್ಲ.

ವೀಣೆ_ಇರುವ_ಮನೆ

ನೋಡಿದೆ. ಮಗನೂ ಬಾಗಿಲು ತೆಗೆದು ಬಂದ, ಇಬ್ಬರೂ ಒಟ್ಟಿಗೆ ನೋಡಿದೆವು. ಕಮಾನಿನಲ್ಲಿ ಆ ಸದ್ದು ಕೇಳಿ ನನಗೆ ನನ್ನ ವೀಣೆಯ ಮಂದ್ರ ತಂತಿ ನೆನಪಾಯಿತು. ಎಂಟು ವರ್ಷದಿಂದ ಹೊದಿಕೆ ತೆಗೆದಿರಲಿಲ್ಲ. ಈಗ ತೆಗೆದಿದ್ದೇನೆ. ಸಾರಣಿ ತಂತಿ ತುಕ್ಕು ಹಿಡಿದಿದೆ. ಮಗ ಬೇಸಿನಲ್ಲಿ ಷಡ್ಜ ಕೊಡುತ್ತೇನೆ, ಶ್ರುತಿ ಮಾಡು ಅನ್ನುತ್ತಿದ್ದಾನೆ. ಹನ್ನೊಂದು ಗಂಟೆ ರಾತ್ರಿ. ಪಕ್ಕದ ಮನೆಯವರು ಕ್ಷಮಿಸಬೇಕು.

ಸುಮ್ನೆ_ಕೇಳೋನು

ಆರೂವರೆ ನಿಮಿಷದ ಆ ಜಾಗ ನಾನೂ ಈಗ ಕೇಳಿದೆ. ಹದಿನೈದು ವರ್ಷದಿಂದ ಅದು ಹ್ಯಾಮೆಟ್ ಅಂತಲೇ ಅಂದುಕೊಂಡಿದ್ದೆ. ಎಲ್ಲರ ಹತ್ತಿರ ಹಾಗೇ ವಾದವನ್ನೂ ಮಾಡಿದ್ದೇನೆ. ಹ್ಯಾರಿಸ್ ಬಗ್ಗೆ ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ. ಆದರೆ ಇದು ಸ್ವಲ್ಪ ನಾಚಿಕೆ ಆಯಿತು.

ಮಾಲ್ಮೋ_ಮಲೆನಾಡು

ಮುಂದಿನ ವಾರ ಹೋಗುವಾಗ ನಮ್ಮ ಎಲ್ಲರ ಪರವಾಗಿ ಕಲ್ಲಿನ ಹತ್ತಿರ ಏನಾದರೂ ಇಡೋಣ ಅಂತಿದ್ದೇನೆ. ಒಂದು ಪಿಕ್ ಮೇಲೆ ಕನ್ನಡದಲ್ಲಿ ಬರೆಸಲಾ?

ಪೆಡಲ್_ಪಾಪಣ್ಣ

ಪಿಕ್ ಬೇಡ ಮಾರಾಯ! ಅವನು ಬೆರಳಲ್ಲಿ ನುಡಿಸುತ್ತಿದ್ದ.

ಮಾಲ್ಮೋ_ಮಲೆನಾಡು

ಅಯ್ಯೋ ಹೌದಲ್ಲ. ಹೋದ ಸಲ ಇಟ್ಟು ಬಂದಿದ್ದೇ ಪಿಕ್ಕು. ಮತ್ತೇನು ಇಡಲಿ?

ದಪ್ಪತಂತಿ

ನನ್ನ ಮೊದಲ ಬೇಸಿನ ಇ ತಂತಿ ಒಂದು ಡಬ್ಬಿಯಲ್ಲಿದೆ. ಎಲ್ಲಕ್ಕಿಂತ ದಪ್ಪದ್ದು. ಸತ್ತು ಎಷ್ಟೋ ವರ್ಷ ಆಯಿತು, ಸದ್ದು ಬರಲ್ಲ, ಬಿಸಾಡಲು ಮನಸ್ಸು ಬರಲಿಲ್ಲ. ನಾಳೆ ಬೆಳಗ್ಗೆ ಕೊರಿಯರ್ ಮಾಡುತ್ತೇನೆ. ವಿಳಾಸ ಖಾಸಗಿಯಾಗಿ ಕಳಿಸಿ.

ಮಾಲ್ಮೋ_ಮಲೆನಾಡು

ಕಳಿಸಿದೆ. ಸುತ್ತಿ ಬಿಗಿಯಾಗಿ ಕಟ್ಟಿ ಕಳಿಸಿ, ಇಲ್ಲದಿದ್ದರೆ ಕಸ್ಟಮ್ಸ್‌ನವರು ಇದೇನು ಅಂತ ಕೇಳಿದರೆ ವಿವರಿಸುವುದು ಕಷ್ಟ.